ರಾತ್ರಿ ಜಪಾನಿ ಊಟಕ್ಕೆ ಹೊರಟಿದ್ದೀರಾ? ‘ವೆಜ್ ಇದೆಯಾ’ ಅಂತ ಕೇಳಿದರೆ ಸಾಲದು

ಉಣಕಲ್ ದಂಡೆ:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಜಪಾನಿ ಊಟ ಸಿಗುತ್ತಾ, ಸಿಕ್ಕರೂ ಮನೆಮಂದಿಯನ್ನೆಲ್ಲ ಕರಕೊಂಡು ಹೋಗಬಹುದಾ ಅಂತ ಇಲ್ಲಿ ಆಗಾಗ ಯಾರಾದರೂ ಕೇಳುತ್ತಿರುತ್ತಾರೆ. ಶನಿವಾರ ರಾತ್ರಿ ನಾವು ಹೋಗಿ ಬಂದೆವು. ಹೋಟೆಲ್ ಹೆಸರು ಬರೆಯುವುದಿಲ್ಲ. ನಾನು ಹೇಳಬೇಕೆಂದಿರುವುದು ಯಾವ ಊರಿನ ಜಪಾನಿ ಅಡುಗೆಮನೆಗಾದರೂ ಹೊಂದುವ ಮಾತು.

ನಮ್ಮ ಗುಂಪಿನಲ್ಲಿ ಅಜ್ಜಿ, ಕಾಕಾ, ಕಾಕು, ಕಾಕಾನ ಮಗ, ನನ್ನ ತಂಗಿ, ಅವಳ ಇಬ್ಬರು ಗೆಳತಿಯರು, ನಾನು. ಅಜ್ಜಿ ಮತ್ತು ಕಾಕು ಮೊಟ್ಟೆಯನ್ನೂ ಮುಟ್ಟುವವರಲ್ಲ. ಗೆಳತಿಯರಲ್ಲಿ ಒಬ್ಬಳು ಕಾರವಾರದವಳು, ಮೀನೆಂದರೆ ಪ್ರಾಣ. ಕಾಕಾ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಒಂಬತ್ತು ದಾಟಿತ್ತು. ತಂಗಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾಳೆ. ಬಿಡದಿಯ ಟೊಯೋಟಾದಂಥ ಕಾರ್ಖಾನೆಗಳಿಂದಾಗಿ ಅಲ್ಲಿ ಜಪಾನಿನವರು ಸಾಕಷ್ಟು ಮಂದಿ ಇದ್ದಾರೆ. ಅವರು ಊಟ ಮಾಡುವ ಹೋಟೆಲ್‌ಗಳಲ್ಲಿ ತಿಂದು ಅವಳು ಪಳಗಿದ್ದಾಳೆ. ಹಾಗಾಗಿ ಆರ್ಡರ್ ಕೊಡುವ ಜವಾಬ್ದಾರಿ ಅವಳಿಗೇ ಬಿಟ್ಟೆವು.

ಮೆನುವಿನಲ್ಲಿ ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸೂಪಿನ ಮುಂದೆ ಹಸಿರು ಚುಕ್ಕೆ ಇತ್ತು. ಅಜ್ಜಿಗೂ ಅದೇ ಇರಲಿ ಅಂತ ಕಾಕಾ ಹೇಳಿದರು. ತಂಗಿ ಮಾತ್ರ ಸಪ್ಲೈ ಮಾಡುವ ಹುಡುಗನನ್ನು ಕೇಳಿದಳು: "ಸೂಪಿನ ನೀರು ಯಾವುದರದ್ದು?" ಅವನು ವೆಜ್ ಅಂದ. "ಬರೀ ಬಿಸಿನೀರಾ, ಏನಾದರೂ ಪುಡಿ ಹಾಕ್ತೀರಾ?" ಪುಡಿ ಹಾಕುತ್ತೇವೆ ಅಂದ. "ಪ್ಯಾಕೆಟ್ ತೋರಿಸ್ತೀಯಾ ತಮ್ಮಾ?" ಹುಡುಗ ಬೇಸರಪಡದೆ ತಂದು ತೋರಿಸಿದ. ಆಮದು ಮಾಡಿದವರು ಅಂಟಿಸಿದ್ದ ಚೀಟಿಯಲ್ಲಿ ಕಂದು ತ್ರಿಕೋನ, ಅಂದರೆ ನಾನ್‌ವೆಜ್ ಗುರುತು. ಒಣಮೀನಿನ ಪುಡಿ ಅದು.

ಆ ಹುಡುಗನನ್ನು ನಾನು ದೂರುವುದಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸೂಪಿನಲ್ಲಿ ಕಣ್ಣಿಗೆ ಕಾಣುವುದು ತೋಫು (ಸೋಯಾ ಹಾಲಿನ ಪನೀರ್), ಈರುಳ್ಳಿ ಸೊಪ್ಪು, ಒಂದಿಷ್ಟು ಕಡಲಪಾಚಿ. ಮೀನಿನ ತುಂಡು ಎಲ್ಲೂ ಇಲ್ಲ. ಆದರೆ ಮೆನುವಿಗೆ ಹಸಿರು ಚುಕ್ಕೆ ಇಟ್ಟವರಿಗೆ ಗೊತ್ತಿರಬೇಕಿತ್ತು, ಅಲ್ವಾ?

ಜಪಾನಿ ಅಡುಗೆಯ ತಳಪಾಯ ದಾಶಿ. ಕೊಂಬು ಅನ್ನುವ ದಪ್ಪ ಕಡಲಪಾಚಿ, ಜೊತೆಗೆ ಬೇಯಿಸಿ, ಹೊಗೆಯಾಡಿಸಿ, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಒಣಗಿಸಿದ ಕತ್ಸುವೊ ಮೀನು. ಅದನ್ನು ತೆಳ್ಳಗೆ ಹೆರೆದು, ಬಿಸಿನೀರಿಗೆ ಹಾಕಿ, ಸೋಸಿ ತೆಗೆದ ತಿಳಿಯೇ ದಾಶಿ. ಸೂಪಿಗೂ ಅದೇ, ನೂಡಲ್ಸ್ ಸಾರಿಗೂ ಅದೇ, ತರಕಾರಿ ಬೇಯಿಸಲೂ ಅದೇ. ಮೀನು ತಿನ್ನದವರು ಕಣ್ಣಿಟ್ಟು ನೋಡಬೇಕಾದ್ದು ತಟ್ಟೆಯ ಮೇಲಿರುವ ತುಂಡನ್ನಲ್ಲ, ಅದು ಬೆಂದ ನೀರನ್ನು.

ಆ ರಾತ್ರಿ ಸೂಪು ಬಿಟ್ಟೆವು. ಅಜ್ಜಿಗೆ, ಕಾಕುಗೆ ತಂಗಿ ತರಿಸಿದ್ದು ಉಪ್ಪು ಹಾಕಿ ಬೇಯಿಸಿದ ಹಸಿ ಸೋಯಾ ಕಾಯಿ, ಸೌತೆಕಾಯಿ ಸುಶಿ (ವಿನೆಗರ್ ಬೆರೆಸಿದ ಅನ್ನವನ್ನು ಪಾಚಿ ಹಾಳೆಯಲ್ಲಿ ಸುತ್ತಿದ್ದು), ಮಿಸೊ ಬಳಿದು ಸುಟ್ಟ ಬದನೆಕಾಯಿ, ಕುಂಬಳಕಾಯಿ ಮತ್ತು ಗೆಣಸಿನ ತೆಂಪುರಾ (ಹಿಟ್ಟಿನಲ್ಲಿ ಅದ್ದಿ ಕರಿದದ್ದು). ಬದನೆಕಾಯಿಗೆ ಬಳಿಯುವ ಮಿಸೊ ತೆಳ್ಳಗೆ ಮಾಡಲು ಬಿಸಿನೀರನ್ನೇ ಬಳಸಿ ಅಂತ ಹೇಳಿದೆವು. ತೆಂಪುರಾ ಹಿಟ್ಟಿಗೆ ಮೊಟ್ಟೆ ಹಾಕಬೇಡಿ ಅಂದೆವು. ಎಣ್ಣೆಯಲ್ಲಿ ಅದಾಗಲೇ ಸಿಗಡಿ ಕರಿದಿದ್ದರು. ಸಣ್ಣ ಬಾಣಲೆಗೆ ಬೇರೆ ಎಣ್ಣೆ ಸುರಿದು ಕರಿದು ಕೊಟ್ಟರು. ಈ ಒಂದು ಕೆಲಸಕ್ಕೆ ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಅಜ್ಜಿಗೆ ಕುಂಬಳಕಾಯಿ ಬಹಳ ಹಿಡಿಸಿತು, ಎರಡನೇ ಸಲ ಹೇಳಿ ತರಿಸಿದೆವು. ಕಾರವಾರದ ಹುಡುಗಿ ಮೇಜಿನ ಆ ಕಡೆ ಕೂತು ಸಾಲ್ಮನ್ ತಿಂದಳು. ಎಲ್ಲರೂ ಒಂದೇ ಮೇಜಿಗೆ ಕೂತಿದ್ದೆವು. ನನಗೆ ಬೇಕಾಗಿದ್ದೂ ಅದೇ. ಮನೆಯ ಹಿರಿಯರನ್ನು "ನಿಮಗೆ ಅಲ್ಲಿ ಏನೂ ಸಿಗೋದಿಲ್ಲ" ಅಂತ ಬಿಟ್ಟು ಹೋಗುವುದು ಬೇಡ. ಅವರ ನೇಮ ಕೆಡಿಸುವುದೂ ಬೇಡ. ಕೇಳುವ ಪ್ರಶ್ನೆ ಸರಿಯಾಗಿದ್ದರೆ ಎರಡೂ ಆಗುತ್ತದೆ.

ನಿಮ್ಮ ಅನುಭವ ಹೇಳಿ.

ದುರ್ಗದ ಬೈಲ್ ಸಂಜೆ:

ಅಣ್ಣಾ, ಒಳ್ಳೆ ಮಾಹಿತಿ. ಆದರೆ ರಾತ್ರಿ ಹತ್ತರ ಹೊತ್ತಿಗೆ ಹೋಗಿ ಪ್ಯಾಕೆಟ್ ತೋರಿಸಿ, ಬೇರೆ ಎಣ್ಣೆ ಹಾಕಿ ಅಂದರೆ ಅಡುಗೆಯವರಿಗೆ ಕಷ್ಟ ಆಗಲ್ವಾ? ಅವರೂ ಮನೆಗೆ ಹೋಗುವ ಹೊತ್ತು. ಕೆಲವು ಕಡೆ ಕೇಳಿದ ತಕ್ಷಣ ಮುಖ ಗಂಟು ಹಾಕುತ್ತಾರೆ.

ಬೆಟಗೇರಿ ಮಗ್ಗ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಒಂದು ಬಟ್ಟಲು ಸೂಪಿನಲ್ಲಿ ಚಿಟಿಕೆ ಪುಡಿ. ತಂಗಿ ಕೇಳದೇ ಇದ್ದಿದ್ದರೆ ಅಜ್ಜಿ ಖುಷಿಯಿಂದ ಕುಡಿದು ಎದ್ದಿರುತ್ತಿದ್ದರು. ಗೊತ್ತಿಲ್ಲದೆ ಆದದ್ದಕ್ಕೆ ದೋಷ ಇಲ್ಲ ಅಂತ ನಮ್ಮ ಹಿರಿಯರೇ ಹೇಳುತ್ತಾರೆ. ಹೊರಗೆ ಊಟಕ್ಕೆ ಹೋದ ಮೇಲೆ ಇಷ್ಟು ಬಗೆದು ನೋಡಿದರೆ ಊಟದ ಖುಷಿಯೇ ಹೋಗುತ್ತದೆ. ಹೀಗೆ ನೋಡುತ್ತಾ ಹೋದರೆ ಯಾವ ಹೋಟೆಲ್‌ನಲ್ಲೂ ನೀರು ಕೂಡ ಕುಡಿಯುವ ಹಾಗಿಲ್ಲ.

ಸಾಧನಕೇರಿ ಮಳೆ:

ಬೆಟಗೇರಿ ಅಣ್ಣಾರ, ಇದನ್ನು ನಾನು ಒಪ್ಪುವುದಿಲ್ಲ.

ಅಜ್ಜಿಗೆ ಗೊತ್ತಿಲ್ಲ ಅನ್ನುವುದು ಸರಿ. ಜೊತೆಗಿದ್ದವರಿಗೆ ಗೊತ್ತಿತ್ತು, ಅಥವಾ ಅನುಮಾನ ಇತ್ತು. ಅನುಮಾನ ಇಟ್ಟುಕೊಂಡು ಸುಮ್ನೆ ಇದ್ದರೆ ಅದು ಅಜ್ಜಿಯ ತಪ್ಪಲ್ಲ, ನಮ್ಮದು. ಎಂಬತ್ತು ವರ್ಷ ಒಂದು ನೇಮ ಹಿಡಿದುಕೊಂಡು ಬಂದವರು ಮೊಮ್ಮಕ್ಕಳ ಮಾತು ನಂಬಿ ಗೊತ್ತಿಲ್ಲದ ಊಟಕ್ಕೆ ಬಂದು ಕೂತಿರುತ್ತಾರೆ. ಅವರಿಗೆ ಆ ಮೆನು ಓದಲು ಬರುವುದಿಲ್ಲ. ನಮ್ಮ ಮುಖ ನೋಡಿ ತುತ್ತು ಎತ್ತುತ್ತಾರೆ. ಆ ನಂಬಿಕೆಗೆ ಬೆಲೆ ಇರಬೇಕು.

ನಮ್ಮ ಮನೆಯಲ್ಲಿ ದೊಡ್ಡವ್ವ ಒಮ್ಮೆ ಒಂದು ಮದುವೆ ಊಟದಲ್ಲಿ ಸಾರಿನಲ್ಲಿ ಏನೋ ಇತ್ತು ಅಂತ ಆಮೇಲೆ ತಿಳಿದು ತುಂಬಾ ನೊಂದುಕೊಂಡರು. ಅದಾದ ಮೇಲೆ ಹೊರಗೆ ಊಟಕ್ಕೇ ಬರುವುದು ಬಿಟ್ಟರು. ಎಷ್ಟು ಕರೆದರೂ ಬುತ್ತಿ ಕಟ್ಟಿಕೊಂಡೇ ಬರುತ್ತಾರೆ. ಎರಡು ನಿಮಿಷ ಕೇಳುವ ತೊಂದರೆ ತಪ್ಪಿಸಲು ಹೋಗಿ ಒಬ್ಬರನ್ನು ಮೇಜಿನಿಂದಲೇ ಕಳಕೊಳ್ಳುವುದು ಯಾಕೆ?

ಇನ್ನೊಂದು ವಿಷಯ. ಇದು ನೇಮದ ಪ್ರಶ್ನೆ ಮಾತ್ರ ಅಲ್ಲ. ಮೀನು, ಸಿಗಡಿ ಅಲರ್ಜಿ ಇದ್ದವರಿಗೆ ಚಿಟಿಕೆ ಪುಡಿಯೂ ಅಪಾಯ. ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆ. ಗೋಧಿ ಆಗದವರು ಅದನ್ನೂ ನೋಡಬೇಕು.

ಒಗ್ಗರಣೆ ಸಟ್ಟುಗ:

ನಾನು ಗದಗಿನವನು. ಪುಣೆ ಮತ್ತು ಗೋವಾದ ಹೋಟೆಲ್ ಅಡುಗೆಮನೆಗಳಲ್ಲಿ ಕೆಲಸ ಮಾಡಿದ್ದೇನೆ. ಅದರಲ್ಲಿ ಒಂದು ಕಡೆ ಜಪಾನಿ ವಿಭಾಗ ಇತ್ತು. ದುರ್ಗದ ಬೈಲ್‌ನವರು ಕೇಳಿದ್ದು ಸರಿಯಾದ ಪ್ರಶ್ನೆ, ಅದಕ್ಕೆ ಮೊದಲು ಉತ್ತರ ಹೇಳುತ್ತೇನೆ.

ರಾತ್ರಿ ಜನ ತುಂಬಿರುವಾಗ ಕೇಳಿದರೆ ಕಷ್ಟವೇ. ಮಧ್ಯಾಹ್ನ ಮೂರು-ನಾಲ್ಕು ಗಂಟೆಗೆ ಫೋನ್ ಮಾಡಿ ಹೇಳಿದರೆ ಏನೂ ಕಷ್ಟ ಇಲ್ಲ. ಆ ಹೊತ್ತಿಗೆ ರಾತ್ರಿಯ ಸ್ಟಾಕ್ (ಸೂಪು-ಸಾರಿನ ತಿಳಿ) ಒಲೆ ಮೇಲೆ ಇಡುತ್ತಿರುತ್ತೇವೆ. "ಇಬ್ಬರಿಗೆ ಮೀನಿಲ್ಲದ ದಾಶಿ ಬೇಕು" ಅಂದರೆ ಒಂದು ತುಂಡು ಕೊಂಬು, ನಾಲ್ಕೈದು ಒಣ ಶಿಟಾಕೆ ಅಣಬೆ ತಣ್ಣೀರಿನಲ್ಲಿ ನೆನೆಹಾಕಿ ಬಿಡಬಹುದು. ಸಂಜೆಯಷ್ಟರಲ್ಲಿ ಒಳ್ಳೆ ತಿಳಿ ಸಿದ್ಧ. ರಾತ್ರಿ ಹತ್ತಕ್ಕೆ ಬಂದು ಕೇಳಿದರೆ ಅಣಬೆ ನೆನೆಯುವುದಕ್ಕೇ ಹೊತ್ತಿಲ್ಲ. ಉಣಕಲ್ ಅವರಿಗೆ ಸೂಪು ಸಿಗದೇ ಇರಲು ಇದೇ ಕಾರಣ ಇರಬೇಕು.

ಈ ಮೀನಿಲ್ಲದ ದಾಶಿ ರುಚಿಯಲ್ಲಿ ಕಡಿಮೆ ಅಂತ ತಿಳಿಯಬೇಡಿ. 1908ರಲ್ಲಿ ಟೋಕಿಯೋದ ಇಕೆದಾ ಅನ್ನುವ ರಸಾಯನಶಾಸ್ತ್ರಜ್ಞರು ಕೊಂಬು ಬೇಯಿಸಿದ ನೀರಿನಿಂದಲೇ ಅದರ ರುಚಿಗೆ ಕಾರಣವಾದ ಗ್ಲುಟಮೇಟ್ ಅನ್ನುವ ವಸ್ತು ಬೇರೆ ಮಾಡಿ ತೆಗೆದರು. ಉಪ್ಪು, ಹುಳಿ, ಸಿಹಿ, ಕಹಿ ಬಿಟ್ಟು ಐದನೆಯದಾದ ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟವರು ಅವರೇ. ಒಣ ಶಿಟಾಕೆಯಲ್ಲಿ ಗ್ವಾನಿಲೇಟ್ ಅನ್ನುವ ಇನ್ನೊಂದು ವಸ್ತು ಇದೆ. ಎರಡೂ ಸೇರಿದಾಗ ರುಚಿ ಕೂಡಿಕೆಗಿಂತ ಜಾಸ್ತಿ ಏಳುತ್ತದೆ. ಒಣಮೀನು ಮಾಡುವ ಕೆಲಸವನ್ನು ಅಣಬೆ ಮಾಡುತ್ತದೆ.

ಇನ್ನು ಮೀನು ಎಲ್ಲೆಲ್ಲಿ ಅಡಗಿರುತ್ತದೆ ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಬರೀ ಸೂಪು ಬಿಟ್ಟರೆ ಆಗುವುದಿಲ್ಲ. ಕರಿದ ತೋಫು ತರಿಸುತ್ತೀರಿ. ತೋಫು ಸಸ್ಯಾಹಾರ, ಅದು ಕೂತಿರುವ ಸಾರು ದಾಶಿ. ತೆಂಪುರಾ ಅದ್ದಿ ತಿನ್ನುವ ಸಾಸೂ ದಾಶಿಯದ್ದೇ. ಅದಕ್ಕೆ ಉಪ್ಪು ಕೇಳಿ ತರಿಸಿಕೊಳ್ಳಿ, ಉಪ್ಪಿನಲ್ಲಿ ತಿನ್ನುವುದೂ ಅಲ್ಲಿನ ಪದ್ಧತಿಯೇ. ಇನಾರಿ ಅಂತ ಒಂದು ಸುಶಿ ಇದೆ. ಕರಿದ ತೋಫುವಿನ ಚೀಲದೊಳಗೆ ಅನ್ನ. ನೋಡಲು ಪೂರ್ತಿ ವೆಜ್. ಆ ಚೀಲವನ್ನು ಬಹುತೇಕ ದಾಶಿಯಲ್ಲೇ ಬೇಯಿಸಿರುತ್ತಾರೆ. ಒಕೊನೊಮಿಯಾಕಿ ಅನ್ನುವ ಎಲೆಕೋಸಿನ ದಪ್ಪ ದೋಸೆಯ ಹಿಟ್ಟಿಗೂ ದಾಶಿ, ಮೊಟ್ಟೆ. ಮೇಲೆ ಅಲ್ಲಾಡುತ್ತಾ ಇರುವ ತೆಳ್ಳನೆಯ ಚಕ್ಕೆ ಒಣಮೀನು. ಜಪಾನಿ ಮಯೋನೀಸ್ ಮೊಟ್ಟೆಯ ಹಳದಿಯದ್ದು. ಕರಿ ರೈಸ್ ವೆಜ್ ಅಂತ ಬರೆದಿದ್ದರೂ ಗ್ರೇವಿ ದಪ್ಪವಾಗಲು ಹಾಕುವ ರೂ ಅನ್ನುವ ಮಸಾಲೆ ಕಟ್ಟಿಯಲ್ಲಿ ಪ್ರಾಣಿ ಕೊಬ್ಬು ಇರುವ ಬ್ರ್ಯಾಂಡ್‌ಗಳಿವೆ. ಅದರ ಪ್ಯಾಕೆಟ್ ನೋಡಲೇಬೇಕು. ಮದ್ಯ ಬೇಡ ಅನ್ನುವ ಹಿರಿಯರಿದ್ದರೆ ಇನ್ನೊಂದು ಮಾತು: ಮಿರಿನ್ ಮತ್ತು ಸಾಕೆ ಎರಡೂ ಅಕ್ಕಿಯಿಂದ ತಯಾರಾದ ಮದ್ಯ. ತೆರಿಯಾಕಿ ಸಾಸಿಗೆ, ಬದನೆಕಾಯಿಗೆ ಬಳಿಯುವ ಮಿಸೊಗೆ ಹಾಕುತ್ತಾರೆ.

ಸೌತೆಕಾಯಿ ಸುಶಿ, ಬೆಣ್ಣೆಹಣ್ಣಿನ ಸುಶಿ, ಹಸಿ ಸೋಯಾ ಕಾಯಿ, ಬಿಳಿ ಅನ್ನ, ಎಳ್ಳು-ವಿನೆಗರ್ ಹಾಕಿದ ಸೊಪ್ಪು-ತರಕಾರಿ. ಇವು ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೂ ಒಮ್ಮೆ ಕೇಳಿ.

ಮುಖ ಗಂಟು ಹಾಕುವವರ ಬಗ್ಗೆ: ಒಳಗಿನ ಅಡುಗೆಯವರಿಗೆ ಕೋಪ ಬರುವುದು ಪ್ರಶ್ನೆ ಕೇಳಿದ್ದಕ್ಕಲ್ಲ. ಊಟ ಮೇಜಿಗೆ ಬಂದ ಮೇಲೆ ವಾಪಸ್ ಕಳಿಸಿದಾಗ. ಮೊದಲೇ ಕೇಳುವ ಗಿರಾಕಿ ನಮಗೆ ಇಷ್ಟ.

ದುರ್ಗದ ಬೈಲ್ ಸಂಜೆ:

ಇದನ್ನು ಹಾಗೇ ಉಳಿಸಿಟ್ಟುಕೊಂಡೆ. ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿಯನ್ನೂ ಬಿಟ್ಟವರಿದ್ದಾರೆ. ಅವರಿಗೆ ದಾರಿ ಇದೆಯಾ?

ಹಳೆ ಪುಟ:

ಇದೆ, ಮತ್ತು ಅದು ಜಪಾನಿನೊಳಗಿನ ದಾರಿಯೇ. ಝೆನ್ ಬೌದ್ಧ ಮಠಗಳಲ್ಲಿ ಶೋಜಿನ್ ರ್‍ಯೋರಿ ಅಂತ ಒಂದು ಅಡುಗೆ ಪದ್ಧತಿ ಇದೆ. ಅದರಲ್ಲಿ ಮಾಂಸ ಇಲ್ಲ, ಮೀನಿಲ್ಲ. ಈರುಳ್ಳಿ, ಬೆಳ್ಳುಳ್ಳಿಯಂಥ ಘಾಟಿನ ಗಡ್ಡೆ-ಸೊಪ್ಪುಗಳನ್ನೂ ಬಿಡುತ್ತಾರೆ. ದಾಶಿಯನ್ನು ಕೊಂಬು, ಒಣ ಅಣಬೆಯಿಂದಲೇ ಮಾಡುತ್ತಾರೆ. ತೋಫು, ಎಳ್ಳು, ಗಡ್ಡೆ ತರಕಾರಿ, ಅನ್ನ, ಉಪ್ಪಿನಕಾಯಿ ಇವೇ ಊಟ. ಹೋಟೆಲ್‌ನವರಿಗೆ ಫೋನ್ ಮಾಡುವಾಗ "ಶೋಜಿನ್ ಥರ ಮಾಡಿಕೊಡಿ" ಅಂದರೆ ಆ ಅಡುಗೆ ಕಲಿತವರಿಗೆ ಒಂದೇ ಮಾತಿನಲ್ಲಿ ಎಲ್ಲ ಗೊತ್ತಾಗುತ್ತದೆ.

ಜಪಾನ್ ಎಂದರೆ ಮಾಂಸದ ನಾಡು ಅಂತ ಇಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿ ತಿನ್ನುವುದನ್ನು ವರ್ಷದಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ನಿಷೇಧಿಸಿದ. ಬೌದ್ಧ ಧರ್ಮದ ಪ್ರಭಾವ ಅದು. ಮುಂದೆ ಶತಮಾನಗಳ ಕಾಲ ನಾಲ್ಕು ಕಾಲಿನ ಪ್ರಾಣಿಗಳ ಮಾಂಸವನ್ನು ಅಲ್ಲಿನ ಜನ ಬಹುಮಟ್ಟಿಗೆ ದೂರವೇ ಇಟ್ಟಿದ್ದರು. 1872ರಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸ ತಿಂದ ಸುದ್ದಿ ಹೊರಬಿದ್ದ ಮೇಲೆ ಗಾಳಿ ಬದಲಾಯಿತು. ಮೀನಿಗೆ ಮಾತ್ರ ಬಹುಮಟ್ಟಿಗೆ ಅಡ್ಡಿ ಇರಲಿಲ್ಲ. ಆದ್ದರಿಂದಲೇ ಅದು ಅಡುಗೆಯ ನೀರಿನ ತನಕ ಇಳಿದುಬಿಟ್ಟಿದೆ.

ಕರಿ ರೈಸ್ ಬಗ್ಗೆಯೂ ಒಂದು ಮಾತು. ಜಪಾನಿನ ದಪ್ಪ ಗ್ರೇವಿಯ ಕರಿ ಬ್ರಿಟಿಷರ ಮೂಲಕ ಅಲ್ಲಿಗೆ ಹೋದದ್ದು. ನಮ್ಮ ಕಡೆಯ ಮಸಾಲೆಯ ಕರಿಯನ್ನು ಟೋಕಿಯೋದಲ್ಲಿ ಪರಿಚಯಿಸಿದವರು ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್. 1912ರಲ್ಲಿ ದಿಲ್ಲಿಯಲ್ಲಿ ವೈಸರಾಯ್ ಹಾರ್ಡಿಂಜ್ ಮೇಲೆ ಬಾಂಬ್ ಬಿದ್ದ ಪ್ರಕರಣದ ನಂತರ ಬ್ರಿಟಿಷರು ಹುಡುಕುತ್ತಿದ್ದಾಗ, 1915ರಲ್ಲಿ ಜಪಾನಿಗೆ ತಪ್ಪಿಸಿಕೊಂಡು ಹೋದರು. ಶಿಂಜುಕುವಿನ ನಕಮುರಾಯ ಎಂಬ ಬೇಕರಿಯ ಮನೆಯವರು ಅವರನ್ನು ಅಡಗಿಸಿಟ್ಟು ಕಾಪಾಡಿದರು. ಆ ಮನೆಯ ಮಗಳನ್ನೇ ಮದುವೆಯಾದರು. 1927ರಲ್ಲಿ ಆ ಅಂಗಡಿಯಲ್ಲಿ ಬೋಸ್ ಹೇಳಿಕೊಟ್ಟ ಕರಿ ಮಾರಾಟಕ್ಕೆ ಬಂತು. ಇವತ್ತಿಗೂ ಸಿಗುತ್ತದೆ. ಸ್ವಾತಂತ್ರ್ಯ ಹೋರಾಟದ ಇತಿಹಾಸ ಓದುವಾಗ ಈ ಅಡುಗೆಯ ಪುಟವನ್ನು ಯಾರೂ ನಮಗೆ ಹೇಳುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರ.

ಕುಂದಗೋಳ ಎರಿ:

ಉಣಕಲ್ ಅವರೇ, ನಿಮ್ಮ ಅಜ್ಜಿ ತಿಂದ ಆ ಸೋಯಾ ಕಾಯಿ ಬಗ್ಗೆ ಬರೆಯದೇ ಇರಲು ಆಗುತ್ತಿಲ್ಲ. ಎದಮಾಮೆ ಅಂತ ಹೆಸರು. ಫ್ರೀಜ್ ಮಾಡಿದ ಪ್ಯಾಕೆಟ್ ಎಲ್ಲಿಂದಲೋ ಬರುತ್ತದೆ. ನಾವು ಸೋಯಾ ಬೆಳೆಯುವವರು. ಧಾರವಾಡ, ಬೆಳಗಾವಿ, ಹಾವೇರಿ ಕಡೆ ಮುಂಗಾರಿಗೆ ಸೋಯಾ ಬಿತ್ತುತ್ತೇವೆ. ಜೂನ್‌ನಲ್ಲಿ ಬಿತ್ತನೆ, ಸೆಪ್ಟೆಂಬರ್ ಕೊನೆಗೆ, ಅಕ್ಟೋಬರಿಗೆ ಕೊಯ್ಲು. ಗಿಡ ಪೂರ್ತಿ ಒಣಗಿ ಎಲೆ ಉದುರಿದ ಮೇಲೆ ಕಿತ್ತು, ಒಕ್ಕಿ, ಎಣ್ಣೆ ಮಿಲ್ಲಿಗೆ ಕಳಿಸುತ್ತೇವೆ. ಹಸಿರಿರುವಾಗ ತಿನ್ನಬಹುದು ಅಂತ ನಮ್ಮಲ್ಲಿ ಯೋಚಿಸಿದವರೇ ಕಡಿಮೆ.

ಕಾಯಿ ತುಂಬಿ, ಇನ್ನೂ ಹಸಿರಾಗಿರುವಾಗ ಕಿತ್ತು, ಉಪ್ಪುನೀರಿನಲ್ಲಿ ಐದಾರು ನಿಮಿಷ ಕುದಿಸಿ, ಸಿಪ್ಪೆ ಹಲ್ಲಿನಲ್ಲಿ ಒತ್ತಿ ಕಾಳು ತಿಂದರೆ ಬಾಯಿಗೆ ಸುಲಗಾಯಿ ತಿಂದಷ್ಟೇ ಹಿತ. ಹಸಿಯಾಗಿ ಮಾತ್ರ ತಿನ್ನಬೇಡಿ. ಬೇಯಿಸದ ಸೋಯಾದಲ್ಲಿ ಪ್ರೋಟೀನ್ ಜೀರ್ಣ ಆಗುವುದನ್ನು ತಡೆಯುವ ಅಂಶ ಇದೆ. ಕುದಿಸಿದರೆ ಹೋಗುತ್ತದೆ. ಔಷಧ ಹೊಡೆದ ಹೊಲದಿಂದ ಕೀಳುವ ಮೊದಲು ಎಷ್ಟು ದಿನ ಬಿಡಬೇಕು ಅಂತ ಡಬ್ಬಿ ಮೇಲೆ ಬರೆದಿರುತ್ತದೆ, ಅದನ್ನು ನೋಡಿಯೇ ಕೀಳಿ.

ಎದಮಾಮೆಗೆ ಅಂತಲೇ ಕಾಳು ದಪ್ಪ ಇರುವ ತಳಿಗಳನ್ನು ಜಪಾನಿನಲ್ಲಿ ಬೆಳೆಯುತ್ತಾರೆ. ನಮ್ಮದು ಎಣ್ಣೆಗಾಗಿ ಬೆಳೆಯುವ ತಳಿ, ಕಾಳು ಸಣ್ಣದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಸೋಯಾದಲ್ಲಿ ಒಳ್ಳೆ ಕೆಲಸ ಮಾಡಿದ್ದಾರೆ. ತುಕ್ಕು ರೋಗ ತಡೆಯುವ ಡಿಎಸ್‌ಬಿ 21 ಅವರದ್ದೇ ತಳಿ. ತುಕ್ಕು ರೋಗದಿಂದ ಎಲೆ ಎಲ್ಲ ಉದುರಿ ಬೆಳೆ ಕಳಕೊಂಡವರಿಗೆ ಅದರ ಬೆಲೆ ಗೊತ್ತು. ಹುಬ್ಬಳ್ಳಿಯ ಹೋಟೆಲ್‌ಗಳು ಮಳೆಗಾಲದ ಕೊನೆಗೆ ಹತ್ತಿರದ ರೈತರಿಂದಲೇ ಹಸಿ ಕಾಯಿ ಕೊಂಡರೆ ಇಬ್ಬರಿಗೂ ಲಾಭ. ಸೋಯಾ ದರ ಬಿದ್ದ ವರ್ಷ ನಮಗೆ ಹಸಿ ಕಾಯಿಯ ಮಾರಾಟ ದೊಡ್ಡ ಆಸರೆ ಆಗುತ್ತದೆ. ಹೋಟೆಲ್ ನಡೆಸುವವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಯೋಚಿಸಿ. ಇದನ್ನು ಮನಸ್ಸಿಟ್ಟು ಕೇಳುತ್ತಿದ್ದೇನೆ.

ಬ್ಯಾಡಗಿ ಡಬ್ಬಿ:

ಕುಂದಗೋಳದ ಕಾಕಾ ಹೇಳಿದ್ದು ಚಿನ್ನದಂಥ ಮಾತು.

ಖಾರದ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನಮ್ಮ ಕಡೆಯವರಿಗೆ ಜಪಾನಿ ಊಟ ಸಪ್ಪೆ ಅನ್ನಿಸುತ್ತದೆ. ಹಸಿರು ವಸಾಬಿ ಮೂಗಿಗೆ ಏರುವ ಖಾರ, ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಹೊರದೇಶಗಳಲ್ಲಿ ಸಿಗುವ ವಸಾಬಿಯಲ್ಲಿ ಬಹುಪಾಲು ಮೂಲಂಗಿ ಜಾತಿಯ ಹಾರ್ಸ್‌ರ್‍ಯಾಡಿಶ್ ಬೇರು, ಸಾಸಿವೆ, ಹಸಿರು ಬಣ್ಣ ಸೇರಿಸಿ ಮಾಡಿದ್ದು. ನಿಜವಾದ ವಸಾಬಿ ಬೇರು ದುಬಾರಿ. ತಿನ್ನುವ ಹೊತ್ತಿಗೆ ತುರಿಯಬೇಕು. ಮಕ್ಕಳಿಗೆ, ವಯಸ್ಸಾದವರಿಗೆ ಬೇಡ ಅಂತ ಮೊದಲೇ ಹೇಳಿ. ಕೆಲವು ಸುಶಿಗಳಲ್ಲಿ ಅನ್ನ ಮತ್ತು ಮೀನಿನ ನಡುವೆ ಮೊದಲೇ ಬಳಿದಿರುತ್ತಾರೆ.

ಖಾರ ಬೇಕೇ ಬೇಕು ಅಂದರೆ ಶಿಚಿಮಿ ಕೇಳಿ. ಏಳು ಸಾಮಾನಿನ ಪುಡಿ. ಕೆಂಪು ಮೆಣಸಿನಕಾಯಿ, ಕಿತ್ತಳೆ ಸಿಪ್ಪೆ, ಎಳ್ಳು, ಕಡಲಪಾಚಿ, ಸಂಶೋ ಇತ್ಯಾದಿ. ಸಂಶೋ ನಮ್ಮ ಕರಾವಳಿಯಲ್ಲಿ ಮೀನಿನ ಸಾರಿಗೆ ಹಾಕುವ ತಿರ್ಫಲದ ಕುಲಕ್ಕೇ ಸೇರಿದ ಮಸಾಲೆ. ಕಾರವಾರದ ಆ ಹುಡುಗಿಗೆ ವಾಸನೆಯಲ್ಲೇ ಗುರುತು ಸಿಕ್ಕಿರಬೇಕು. ನಮ್ಮ ಬ್ಯಾಡಗಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ. ಇಂಥ ಪುಡಿಗೆ ಅದು ಬಹಳ ಚೆನ್ನಾಗಿ ಹೊಂದುತ್ತದೆ. ನಾನು ಮನೆಯಲ್ಲಿ ಬ್ಯಾಡಗಿ ಡಬ್ಬಿ ಮೆಣಸಿನಕಾಯಿ, ಒಣಗಿಸಿದ ಕಿತ್ತಳೆ ಸಿಪ್ಪೆ, ಬಿಳಿ ಎಳ್ಳು, ಕರಿ ಎಳ್ಳು, ಒಂದಿಷ್ಟು ತಿರ್ಫಲ ಕುಟ್ಟಿ ಮಾಡುತ್ತೇನೆ. ಬಿಸಿ ಅನ್ನದ ಮೇಲೂ ಸೊಗಸು.

ಏಲಕ್ಕಿ ಹಾರ:

ಹಾವೇರಿಯಿಂದ. ನನ್ನ ಮಗನಿಗೆ ಹಸಿ ಮೀನಿನ ಸುಶಿ ತಿನ್ನುವ ಆಸೆ. ಸಮುದ್ರದಿಂದ ಇಷ್ಟು ದೂರ ಇರುವ ನಮ್ಮ ಊರುಗಳಲ್ಲಿ ತಿನ್ನಬಹುದಾ? ನನಗೆ ಹೆದರಿಕೆ.

ಒಗ್ಗರಣೆ ಸಟ್ಟುಗ:

ಅಕ್ಕಾರ, ಸಮುದ್ರ ದೂರ ಅನ್ನುವುದಕ್ಕಿಂತ ಫ್ರೀಜರ್ ಹೇಗಿದೆ ಅನ್ನುವುದು ಮುಖ್ಯ. ಹಸಿಯಾಗಿ ತಿನ್ನುವ ಮೀನಿನಲ್ಲಿ ಹುಳು ಇದ್ದರೆ ಸಾಯಬೇಕು. ಅದಕ್ಕೆ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು. ಅಥವಾ ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾಗಿಸಿ 15 ಗಂಟೆ. ಮನೆಯ ಫ್ರಿಜ್‌ನಿಂದ ಇದು ಆಗುವ ಕೆಲಸವಲ್ಲ. ಮಾರ್ಕೆಟ್‌ನಿಂದ ತಂದ ತಾಜಾ ಮೀನು ತಾಜಾ ಇದೆ ಅಂತ ಹಸಿಯಾಗಿ ತಿನ್ನುವುದು ಖಂಡಿತ ಬೇಡ. ಅದು ಸಾರಿಗೆ, ಫ್ರೈಗೆ.

ಹೋಟೆಲ್‌ನಲ್ಲಿ ಕೇಳಬೇಕಾದ್ದು ಇಷ್ಟು: ಮೀನು ಹಸಿ ತಿನ್ನುವುದಕ್ಕೆಂದೇ ಫ್ರೀಜ್ ಆಗಿ ಬಂದಿದೆಯಾ, ಕರಗಿಸಿದ್ದು ಯಾವಾಗ? ರಾತ್ರಿ ತಡವಾಗಿ ಹೋದರೆ ಈ ಎರಡನೇ ಪ್ರಶ್ನೆ ಇನ್ನೂ ಮುಖ್ಯ. ಮಧ್ಯಾಹ್ನ ಕರಗಿಸಿ ಕೌಂಟರ್ ಮೇಲೆ ಇಟ್ಟದ್ದನ್ನು ಹತ್ತು ಗಂಟೆಗೆ ತಿನ್ನಬಾರದು. ಉತ್ತರ ತಡವರಿಸಿದರೆ ಬೇಯಿಸಿದ ಸಿಗಡಿಯ ಸುಶಿ ತರಿಸಿ, ಮಗನಿಗೆ ಸುಶಿ ತಿಂದ ಹಾಗೂ ಆಯಿತು. ಗರ್ಭಿಣಿಯರು, ಚಿಕ್ಕ ಮಕ್ಕಳು, ತುಂಬಾ ವಯಸ್ಸಾದವರು ಹಸಿ ಮೀನು ತಿನ್ನದೇ ಇರುವುದು ಒಳ್ಳೆಯದು.

ಸಾಲ್ಮನ್ ಸುಶಿ ಜಪಾನಿನ ಹಳೇ ಪದ್ಧತಿ ಅಂತ ಎಲ್ಲರೂ ತಿಳಿದಿದ್ದಾರೆ. ಅಲ್ಲಿನವರು ಹಿಂದೆ ಸಾಲ್ಮನ್ನನ್ನು ಹುಳುವಿನ ಹೆದರಿಕೆಗೆ ಹಸಿಯಾಗಿ ತಿನ್ನುತ್ತಿರಲಿಲ್ಲ. 1980ರ ದಶಕದಲ್ಲಿ ನಾರ್ವೆಯವರು ಸಾಕಣೆಯ ಸಾಲ್ಮನ್ ಮಾರಲು ಪಟ್ಟು ಹಿಡಿದು ಪ್ರಚಾರ ಮಾಡಿದ ಮೇಲೆ ಅದು ಸುಶಿಗೆ ಏರಿತು. ಹಾಗಾಗಿ ಹೆದರುವುದರಲ್ಲಿ ತಪ್ಪೇನೂ ಇಲ್ಲ ಅಕ್ಕಾರ, ಜಪಾನಿನವರೂ ಹೆದರಿದವರೇ.

ಬೆಟಗೇರಿ ಮಗ್ಗ:

ಎಲ್ಲ ಓದಿದೆ. ಸಾಧನಕೇರಿ ಅಕ್ಕಾರ, ಅಲರ್ಜಿಯ ಮಾತು ಪೂರ್ತಿ ಒಪ್ಪಿದೆ. ನೇಮದ ವಿಷಯದಲ್ಲಿ ನನ್ನ ಅಭಿಪ್ರಾಯ ಅಷ್ಟು ಬೇಗ ಬದಲಾಗುವುದಿಲ್ಲ. ಹೊರಗೆ ಊಟ ಅಂದ ಮೇಲೆ ಸ್ವಲ್ಪ ಹೊಂದಾಣಿಕೆ ಇರುತ್ತದೆ ಅಂತಲೇ ನನ್ನ ನಂಬಿಕೆ. ಆದರೆ ಆ ಹೊಂದಾಣಿಕೆ ಮಾಡಿಕೊಳ್ಳಬೇಕಾ ಬೇಡವಾ ಅಂತ ಅಜ್ಜಿಯೇ ಹೇಳಬೇಕು, ಅವರ ಪರವಾಗಿ ನಾನು ತೀರ್ಮಾನ ಮಾಡಬಾರದು. ಇಷ್ಟನ್ನು ಹೇಳಬಲ್ಲೆ.

ನಮ್ಮ ಹುಡುಗರ ಗುಂಪು ಮುಂದಿನ ವಾರ ಹೋಗುವ ಯೋಚನೆ ಇದೆ. ಅಪ್ಪ-ಅವ್ವನನ್ನೂ ಕರೆದಿದ್ದೇನೆ. ಊಟದ ಕಡ್ಡಿ (ಚಾಪ್‌ಸ್ಟಿಕ್) ಹಿಡಿಯಲು ಯಾರಿಗೂ ಬರುವುದಿಲ್ಲ. ಚಮಚ ಕೇಳಿದರೆ ಅವಮಾನವಾ?

ಉಣಕಲ್ ದಂಡೆ:

ಖಂಡಿತ ಇಲ್ಲ. ಸುಶಿಯನ್ನು ಕೈಯಲ್ಲೇ ತಿನ್ನಬಹುದು, ಜಪಾನಿನಲ್ಲೂ ತಿನ್ನುತ್ತಾರೆ. ಮೊದಲೇ ಬಿಸಿ ಒದ್ದೆ ಟವೆಲ್ ಕೊಡುತ್ತಾರೆ, ಕೈ ಒರೆಸಿಕೊಳ್ಳಲಿಕ್ಕೆ. ಅಜ್ಜಿ ಪೂರ್ತಿ ಊಟ ಕೈಯಲ್ಲೇ ಮಾಡಿದರು. ಕಡ್ಡಿ ಹಿಡಿಯುವವರು ಎರಡು ವಿಷಯ ನೆನಪಿಟ್ಟರೆ ಸಾಕು. ಅನ್ನದ ಬಟ್ಟಲಲ್ಲಿ ಕಡ್ಡಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಬಾರದು. ಯಾಕೆಂದರೆ ಅಲ್ಲಿ ಸತ್ತವರ ಮುಂದೆ ಇಡುವ ಅನ್ನದಲ್ಲಿ ಕಡ್ಡಿ ನಿಲ್ಲಿಸುತ್ತಾರೆ. ದಹನದ ನಂತರ ಮೂಳೆಗಳನ್ನು ಕಡ್ಡಿಯಿಂದ ಕಡ್ಡಿಗೆ ದಾಟಿಸುತ್ತಾರೆ. ನಮ್ಮಲ್ಲೂ ಸಾವಿನ ಮನೆಯ ಪದ್ಧತಿಗಳನ್ನು ಊಟದ ಪಂಕ್ತಿಗೆ ತರುವುದಿಲ್ಲವಲ್ಲ. ಕಾಕು ಇದನ್ನು ಕೇಳಿದ ಕೂಡಲೇ ಒಪ್ಪಿಕೊಂಡರು.

ಒಬ್ಬೊಬ್ಬರಿಗೆ ಒಂದೊಂದು ಪ್ಲೇಟ್ ಅಂತ ಆರ್ಡರ್ ಕೊಡಬೇಡಿ. ಸಣ್ಣ ಸಣ್ಣ ತಟ್ಟೆಗಳನ್ನು ಸ್ವಲ್ಪ ಸ್ವಲ್ಪ ತರಿಸಿ, ಮೇಜಿನ ಒಂದು ತುದಿಗೆ ಸಸ್ಯಾಹಾರ, ಇನ್ನೊಂದು ತುದಿಗೆ ಮೀನು ಇಟ್ಟುಕೊಳ್ಳಿ. ಬಡಿಸುವ ಚಮಚ ಬೇರೆ ಬೇರೆ ಇರಲಿ. ಸೋಯಾ ಸಾಸಿನ ಬಟ್ಟಲೂ ಬೇರೆ. ಮೀನು ಅದ್ದಿದ ಸಾಸಿನಲ್ಲಿ ಅವ್ವ ಸೌತೆಕಾಯಿ ಸುಶಿ ಅದ್ದುವಂತೆ ಆಗಬಾರದು. ಇದು ಬಹಳ ಜನ ಮರೆಯುವ ವಿಷಯ.

ಬೆಟಗೇರಿ ಅವರೇ, ನೀವು ಅಜ್ಜಿಯೇ ಹೇಳಬೇಕು ಅಂದಿರಿ. ನಾವು ಅಜ್ಜಿಗೆ ಆ ರಾತ್ರಿಯೇ ಹೇಳಿದೆವು, ಸೂಪಿನಲ್ಲಿ ಮೀನಿನ ಪುಡಿ ಇದೆ ಅಂತ. ಅವರು, "ಕೇಳಿದ್ದು ಚಲೋ ಆತು, ಇಲ್ಲಂದ್ರ ನಾ ಮುಂದ ನಿಮ್ಮ ಜೋಡಿ ಬರಾಕ ಹೆದರತಿದ್ದೆ" ಅಂದರು.

ದುರ್ಗದ ಬೈಲ್ ಸಂಜೆ:

ಕೊನೆಯದಾಗಿ ಒಂದು ಪ್ರಶ್ನೆ. ನಾವು ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ವಾಪಸ್ ಹೋಗಬೇಕು. ತಡ ಆದರೆ ಉಳಿದ ಸುಶಿ ಪಾರ್ಸಲ್ ಮಾಡಿಸಿ ಮರುದಿನ ಬೆಳಿಗ್ಗೆ ತಿನ್ನಬಹುದಾ?

ಒಗ್ಗರಣೆ ಸಟ್ಟುಗ:

ಹಸಿ ಮೀನಿನದ್ದು ಬೇಡವೇ ಬೇಡ, ಮೇಜಿನ ಮೇಲೇ ಮುಗಿಸಿ. ಸೌತೆಕಾಯಿ ಸುಶಿ ಪಾರ್ಸಲ್ ಮಾಡಿಸಿದರೆ ಅದೇ ರಾತ್ರಿ ಮನೆಗೆ ಹೋದ ಕೂಡಲೇ ತಿನ್ನಿ. ಫ್ರಿಜ್‌ನಲ್ಲಿಟ್ಟರೆ ಅನ್ನ ಗಟ್ಟಿಯಾಗುತ್ತದೆ, ಸುತ್ತಿದ ಪಾಚಿ ಹಾಳೆ ಮೆತ್ತಗಾಗಿ ಎಳೆದರೂ ಹರಿಯುವುದಿಲ್ಲ. ತೆಂಪುರಾ ಉಳಿದರೆ ಮರುದಿನ ಕಾವಲಿಯ ಮೇಲೆ ಎಣ್ಣೆ ಇಲ್ಲದೆ ಬಿಸಿ ಮಾಡಿ, ಪರವಾಗಿಲ್ಲ. ಬಸ್ಸಿನ ಹೊತ್ತು ನೋಡಿಕೊಂಡು ಆರ್ಡರ್ ಕೊಡುವಾಗಲೇ ಸಪ್ಲೈ ಮಾಡುವವರಿಗೆ ಹೇಳಿಬಿಡಿ, ಬೇಗ ಆಗುವುದನ್ನು ಮೊದಲು ಕಳಿಸುತ್ತಾರೆ.